ಇಬ್ರು ಜೋಡಿಯಾಗಿ ಟೊರಾಂಟೊಗೆ ಬರೋರಿಗೆ, ಮೈಸೂರಿಂದ ಒಂದಷ್ಟು ಮಾತು

ಈಗ ಮೂರು ವಾರ ರಜ ಹಾಕಿ ಟೊರಾಂಟೊದಿಂದ ಮೈಸೂರಿಗೆ ಬಂದಿದೀನಿ, ಕುವೆಂಪುನಗರದಲ್ಲಿ ಅತ್ತೆ ಮನೇಲಿದೀನಿ. ಆಷಾಢದಲ್ಲಿ ಹೆಣ್ಮಕ್ಕಳು ಅತ್ತೆ ಮನೆ ಬಿಟ್ಟು ತವರಿಗೆ ಹೋಗ್ತಾರೆ, ನಾನು ಉಲ್ಟಾ. ಅತ್ತೆ ಅಂತ ಕರಿಯೋದು ಮನಸ್ಸಲ್ಲಿ ಮಾತ್ರ ಬಿಡಿ, ಬಾಯಲ್ಲಿ ಇವತ್ತಿಗೂ ಆಂಟಿನೇ.

ಮೊನ್ನೆ ಮಂಡ್ಯ ಕಡೆ ಇಬ್ರು ಹುಡುಗ್ರು, ಟೊರಾಂಟೊಗೆ ಹೊರಟಿರೋ ಜೋಡಿ, ಯಾರ್ದೋ ಮೂಲಕ ನಂಬರ್ ತಗೊಂಡು ನನ್ನ ನೋಡೋಕೆ ಬಂದಿದ್ರು, ಕುಕ್ಕರಹಳ್ಳಿ ಕೆರೆ ಸುತ್ತ ಜಿಟಿಜಿಟಿ ಮಳೇಲಿ ಎರಡು ರೌಂಡ್ ನಡೆದ್ವಿ. ಮೊದಲ್ನೇ ರೌಂಡ್ ಪೂರ್ತಿ ವೀಸಾ, ಬಾಡಿಗೆ, ಚಳಿ, ಅದೇ ಮಾತು. ಎರಡನೇ ರೌಂಡಲ್ಲಿ ಚಿಕ್ಕೋನು ಮೆಲ್ಲಗೆ ಕೇಳ್ದ, "ಅಕ್ಕ, ಅಲ್ಲಿ ನಮ್ಮನ್ನ ಸೇರಿಸ್ಕತಾರಾ?" ನಾನು ಹೂಂ ಕಣಪ್ಪ ಅಂದ್ಬಿಟ್ಟೆ. ಮನೆಗೆ ಬಂದ್ಮೇಲೆ ಆ ಹೂಂ ಅಷ್ಟು ಸಲೀಸಾಗಿ ಹೇಳ್ಬಾರದಾಗಿತ್ತು ಅನ್ನಿಸ್ತು, ಅದಕ್ಕೇ ಇದನ್ನ ಬರೀತಿರೋದು.

ನಾನು ಮಂಡ್ಯದೋಳು, ನಮ್ಮನೆಯವ್ರು ಮೈಸೂರಿನೋರು. ನಮ್ಮನೆಯವ್ರು ಅಂದ್ರೆ ಹೆಂಗಸೇ. 2016ರಲ್ಲಿ ಟೊರಾಂಟೊಗೆ ಬಂದ್ವಿ, ಅದಕ್ಕೂ ಮುಂಚೆ ಸರಸ್ವತಿಪುರಂನಲ್ಲಿ ಮೂರು ವರ್ಷ ಒಂದು ಮಹಡಿ ಮನೇಲಿದ್ವಿ. ಓನರ್ ಅಜ್ಜಿ ನಮ್ಮನ್ನ ಕಂಡ್ರೆ ಪ್ರಾಣ, "ಗಂಡು ಹುಡುಗ್ರಿಗೆ ಮನೆ ಕೊಡಲ್ಲ ಕಣಮ್ಮ, ಇಬ್ರು ಹೆಣ್ಮಕ್ಳಾದ್ರೆ ನಿಶ್ಚಿಂತೆ" ಅಂತ ಅಡ್ವಾನ್ಸಲ್ಲೂ ಕಮ್ಮಿ ಮಾಡಿದ್ರು, ಹಿತ್ತಲ ಕರಿಬೇವು ಫ್ರೀ. ನಮ್ಮೂರು ನಮ್ಮನ್ನ ಚೆನ್ನಾಗೇ ನೋಡ್ಕೊಳ್ತು, ಯಾಕಂದ್ರೆ ನಾವು ಏನು ಅಂತ ನೋಡ್ಲೇ ಇಲ್ಲ. ಟೊರಾಂಟೊದಲ್ಲಿ ನೋಡ್ತಾರೆ, ನೋಡಿ ಸುಮ್ನೆ ಅವರ ಕೆಲಸ ನೋಡ್ಕೋತಾರೆ. ಈ ಎರಡಕ್ಕೂ ಇರೋ ವ್ಯತ್ಯಾಸ ಅರಗಿಸ್ಕೊಳೋಕೆ ನಂಗೆ ಎರಡು ವರ್ಷ ಬೇಕಾಯ್ತು.

ಮೊದ್ಲು ಪೇಪರ್ ವಿಷ್ಯ, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ. ಮನೆಯವರಿಗೆ ಗೊತ್ತಾಗುತ್ತೆ, ಏಜೆಂಟ್ ಊರವನೇ, ಅಂತೆಲ್ಲ ಹೆದರ್ಕೊಂಡು ಒಬ್ರು ಸಿಂಗಲ್ ಅಂತ ಕೆನಡಾದಲ್ಲಿ ಕಾಯಂ ಇರೋ ಅನುಮತಿಗೆ, ಅಂದ್ರೆ ಪಿಆರ್‌ಗೆ ಹಾಕ್ತಾರೆ, ಆಮೇಲೆ ಇನ್ನೊಬ್ರನ್ನ ಕರೆಸ್ಕೊಂಡ್ರಾಯ್ತು ಅಂತ. ದಯವಿಟ್ಟು ಹಂಗ್ ಮಾಡ್ಬೇಡಿ ಕಣ್ರಪ್ಪ. ಸಂಗಾತಿ ಇದ್ದೂ ಅರ್ಜೀಲಿ ತೋರಿಸ್ದೆ ಪಿಆರ್ ತಗೊಂಡ್ರೆ ಮುಂದೆ ಅವರನ್ನ ಫ್ಯಾಮಿಲಿ ಅಂತ ಸ್ಪಾನ್ಸರ್ ಮಾಡೋಕೆ ಅಲ್ಲಿನ ರೂಲೇ ಅಡ್ಡ ಬರುತ್ತೆ, ಮೇಲಿಂದ ಸುಳ್ಳು ಹೇಳಿದ್ರಿ ಅನ್ನೋ ತಲೆನೋವು ಬೇರೆ. ಅವರು ಈಗ ಜೊತೆಗೆ ಬರ್ದಿದ್ರೂ ಪರ್ವಾಗಿಲ್ಲ, ಹೆಸರು ಮಾತ್ರ ಬರೀಲೇಬೇಕು. ಮಂಡ್ಯದಲ್ಲಿ ರೂಮ್‌ಮೇಟ್ ಅನ್ನಿ, ಕಸಿನ್ ಅನ್ನಿ, ಅದು ನಿಮ್ಮಿಷ್ಟ, ಆದ್ರೆ ಕೆನಡಾ ಫಾರ್ಮಲ್ಲಿ ನಿಜಾನೇ ಬರೀರಿ.

ಅವರ ಲೆಕ್ಕದಲ್ಲಿ ಜೋಡಿ ಅಂದ್ರೆ ಕಾನೂನು ಪ್ರಕಾರ ಮದ್ವೆ ಆಗಿರ್ಬೇಕು, ಇಲ್ಲಾಂದ್ರೆ ಕಾಮನ್ ಲಾ ಪಾರ್ಟ್ನರ್, ಅಂದ್ರೆ ಕಮ್ಮಿ ಅಂದ್ರೂ 12 ತಿಂಗಳು ಗಂಡ ಹೆಂಡ್ತಿ ಥರ ಒಂದೇ ಮನೇಲಿ ಸತತವಾಗಿ ಇದ್ದಿರ್ಬೇಕು. ಮನೇಲಿ ದೇವ್ರ ಮುಂದೆ ತಾಳಿ ಕಟ್ಕೊಂಡಿದ್ರೂ ಅದು ಅವರಿಗೆ ಮದ್ವೆ ಅಲ್ಲ, ಮದ್ವೆ ಎಲ್ಲಿ ನಡೀತೋ ಅಲ್ಲಿನ ಕಾನೂನು ಒಪ್ಪಿರ್ಬೇಕು, ನಮ್ಮ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ಕ್ಕೆ ನಮ್ಮಂಥೋರ ಮದ್ವೆ ಒಪ್ಪೋದು ಪಾರ್ಲಿಮೆಂಟಿನ ಕೆಲಸ ಅಂತ ಕೈಬಿಟ್ತು. ಸೋ ಊರಿಂದ ಹಾಕೋರಿಗೆ ಸಾಮಾನ್ಯವಾಗಿ 12 ತಿಂಗಳ ದಾರೀನೇ. ತಮಾಷೆ ಏನಂದ್ರೆ ನಮ್ಮ ಕಡೆ ಬಾಡಿಗೆ ಕರಾರು 11 ತಿಂಗಳಿಗೆ ಮಾಡೋದು! ಅದಕ್ಕೇ ರಿನ್ಯೂ ಮಾಡ್ಸಿದ ಎರಡನೇ ಕರಾರೂ ಜೋಪಾನ ಮಾಡಿ, ಎರಡರಲ್ಲೂ ಇಬ್ಬರ ಹೆಸರಿರ್ಲಿ, ಒಬ್ರ ಹೆಸರಲ್ಲಿ ಮನೆ ಮಾಡಿ ಇನ್ನೊಬ್ರು ಸುಮ್ನೆ ಇರೋದು ಬೇಡ. ಗ್ಯಾಸ್ ಬಿಲ್ಲು, ಅದೇ ಅಡ್ರೆಸ್ಸಿಗೆ ಬಂದ ಬ್ಯಾಂಕ್ ಕಾಗದ, ಇನ್ಶೂರೆನ್ಸ್ ನಾಮಿನಿ, ಯಾವುದನ್ನೂ ಎಸೀಬೇಡಿ. ಜಾಯಿಂಟ್ ಅಕೌಂಟ್ ಈಗ ಸುಲಭ, ನಮ್ಮಂಥ ಜೋಡಿಗಳು ಜಂಟಿ ಖಾತೆ ತೆಗೆಯೋಕೆ, ನಾಮಿನಿ ಮಾಡೋಕೆ ಯಾವ ಅಡ್ಡೀನೂ ಇಲ್ಲ ಅಂತ 2024ರ ಆಗಸ್ಟಲ್ಲಿ ಕೇಂದ್ರ ಹಣಕಾಸು ಇಲಾಖೆನೇ ಹೇಳಿದೆ. ನಾವು ಹೋದಾಗ ಕೌಂಟರಿನೋರು ರಿಲೇಷನ್ ಕಾಲಂ ಮೇಲೆ ಪೆನ್ ಇಟ್ಟು ಐದ್ ನಿಮಿಷ ನಮ್ಮ ಮುಖ ನೋಡಿದ್ರು.

ಇದರ ಜೊತೆಗೆ ಐಎಂಎಂ 5409 ಅಂತ ಒಂದು ಡಿಕ್ಲರೇಷನ್ ಫಾರ್ಮಿದೆ, ಇಬ್ರೂ ನೋಟರಿ ಮುಂದೆ ಸೈನ್ ಮಾಡ್ಬೇಕು. ನಾವು ಮಾಡ್ಸಿದ್ದು 2015ರಲ್ಲಿ. 2013ರ ಡಿಸೆಂಬರ್ 11ಕ್ಕೆ ನಮ್ಮಂಥ ಸಂಬಂಧಾನ ಅಪರಾಧ ಅಂತಿದ್ದ ಐಪಿಸಿ 377ನೇ ಸೆಕ್ಷನ್ ಮತ್ತೆ ಜೀವ ಪಡ್ಕೊಂಡಿತ್ತು, ಅದನ್ನ ಮೊಟಕು ಮಾಡಿದ್ದು 2018ರ ಸೆಪ್ಟೆಂಬರ್ 6ಕ್ಕೆ, ಮಧ್ಯದಲ್ಲಿ ನಾವು ಮೈಸೂರು ಕೋರ್ಟ್ ಹತ್ರ ಒಂದು ಹುಣಸೆ ಮರದ ಕೆಳಗೆ ನೋಟರಿ ಮುಂದೆ ನಿಂತಿದ್ವಿ, ಕೈ ಬೆವರ್ತಿತ್ತು. ಅವರು ಕನ್ನಡಕ ಮೇಲೆತ್ತಿ "ಇದೇನಮ್ಮ ಕಾಂಜುಗಲ್ ಅಂದ್ರೆ?" ಅಂದ್ರು. ನಮ್ಮನೆಯವ್ರು "ಒಟ್ಟಿಗೆ ಇರೋದು ಸಾರ್" ಅಂದ್ರು. "ಓ ಪಿಜಿ ಥರನಾ" ಅಂತ ಠಪ್ ಅಂತ ಸೀಲ್ ಹೊಡೆದು ನೂರು ರೂಪಾಯಿ ಇಸ್ಕೊಂಡ್ರು. ನಾವಿಬ್ರೂ ಗಂಡ ಹೆಂಡ್ತಿ ಥರ ಅಂತ ನಮ್ಮೂರಲ್ಲಿ ಸರ್ಕಾರಿ ಸೀಲ್ ಬಿದ್ದಿರೋ ಕಾಗದ ಅದೊಂದೇ, ಫ್ರೇಮ್ ಹಾಕ್ಸೋಣ ಅಂದಿದ್ದೆ, ಒರಿಜಿನಲ್ ಕೆನಡಾದೋರಿಗೇ ಹೋಯ್ತು.

ಓದೋಕೆ ಬರೋರು ಒಂದ್ ನೆನಪಿಟ್ಕಳಿ, 2025ರ ಜನವರಿಯಿಂದ ಸ್ಟೂಡೆಂಟ್‌ಗಳ ಸಂಗಾತಿಗೆ ವರ್ಕ್ ಪರ್ಮಿಟ್ ಸಿಗೋದು ಬಿಗಿಯಾಗಿದೆ, ಮಾಸ್ಟರ್ಸ್ ಆದ್ರೆ 16 ತಿಂಗಳಾದ್ರೂ ಇರ್ಬೇಕು. ವರ್ಷದ ಕೋರ್ಸ್ ತಗೊಂಡು ಜೋಡಿಯಾಗಿ ಬರ್ತೀವಿ ಅಂದ್ರೆ ನಡೆಯಲ್ಲ.

ಬಂದ್ಮೇಲೆ ಮದ್ವೆ ಆಗೋದು ಅಲ್ಲಿ ದೊಡ್ಡ ಕೆಲಸಾನೇ ಅಲ್ಲ. ಟೊರಾಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ 2003ರ ಜೂನಿಂದ, ಇಡೀ ದೇಶದಲ್ಲಿ 2005ರ ಜುಲೈ 20ರಿಂದ ಇಬ್ರು ಹೆಂಗಸ್ರು, ಇಬ್ರು ಗಂಡಸ್ರು ಮದ್ವೆ ಆಗ್ಬೋದು. ಸಿಟಿ ಹಾಲಲ್ಲಿ ಲೈಸೆನ್ಸ್ ತಗೋಬೇಕು, 90 ದಿನ ಟೈಮಿರುತ್ತೆ, ಇಬ್ರು ಸಾಕ್ಷಿ ಸಾಕು. ಕಾಮನ್ ಲಾ ಸಾಕಲ್ವಾ ಅಂತೀರಾ, ಒಂದ್ ವಿಷ್ಯದಲ್ಲಿ ಸಾಲ್ದು. ಒಂಟಾರಿಯೊದಲ್ಲಿ ವಿಲ್ ಬರೀದೇ ಒಬ್ರು ತೀರ್ಕೊಂಡ್ರೆ ಕಾಮನ್ ಲಾ ಸಂಗಾತಿಗೆ ಆಸ್ತಿ ತಾನಾಗೇ ಬರಲ್ಲ, ಊರಿಂದ ಅಣ್ಣ ತಮ್ಮಂದಿರು ಬರ್ತಾರೆ ಅಷ್ಟೇ. ಮದ್ವೆ ಆಗಿ, ಇಲ್ಲಾ ವಿಲ್ ಬರೆಸಿ, ನನ್ ಕೇಳಿದ್ರೆ ಎರಡೂ ಮಾಡಿ.

ಆಸ್ಪತ್ರೆ ವಿಷ್ಯದಲ್ಲಿ ಮಾತ್ರ ನಂಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ನಿಜ. ಮೈಸೂರಲ್ಲಿ ಒಂದ್ಸಲ ನಮ್ಮನೆಯವ್ರಿಗೆ ಡೆಂಗಿ ಆಗಿ ಅಡ್ಮಿಟ್ ಮಾಡಿದಾಗ ಫಾರ್ಮಲ್ಲಿ ನಾನು ಅಕ್ಕ ಅಂತ ಸೈನ್ ಮಾಡಿದ್ದೆ, ನಿಜವಾದ ಅಕ್ಕ ಬಂದ್ಮೇಲೆ ನರ್ಸು ನನ್ನ ಹೊರಗೆ ಕೂರ್ಸಿದ್ರು. ಟೊರಾಂಟೊದಲ್ಲಿ ಅಪೆಂಡಿಕ್ಸ್ ಆಯ್ತು, ರಾತ್ರಿ ಎರಡು ಗಂಟೆ, ರಿಸೆಪ್ಷನ್ನಲ್ಲಿ ಏನಾಗ್ಬೇಕು ನೀವು ಅಂದ್ರು, ಪಾರ್ಟ್ನರ್ ಅಂದೆ, ಟೈಪ್ ಮಾಡ್ಕೊಂಡ್ರು. ತಲೆ ಎತ್ತಿ ನೋಡ್ಲೂ ಇಲ್ಲ. ಆಮೇಲೆ ಯಾರೋ ಒಂದು ಕುರ್ಚಿ ಮತ್ತೆ ಬೆಚ್ಚಗಿನ ಕಂಬಳಿ ತಂದ್ಕೊಟ್ರು. ಅಲ್ಲಿನ ಕಾನೂನಲ್ಲಿ ರೋಗಿಗೆ ಪ್ರಜ್ಞೆ ಇಲ್ದಿದ್ರೆ ಚಿಕಿತ್ಸೆ ಬಗ್ಗೆ ತೀರ್ಮಾನ ಮಾಡೋರಲ್ಲಿ ಅಪ್ಪ ಅಮ್ಮನಿಗಿಂತ ಮುಂಚೆ ಸಂಗಾತಿ ಬರ್ತಾರೆ. ಪಿಆರ್ ಇದ್ರೆ ಓಹಿಪ್ ಕಾರ್ಡಿಗೆ, ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಗೆ, ಈಗ ಮೂರು ತಿಂಗಳು ಕಾಯೋ ಹಂಗೂ ಇಲ್ಲ.

ಮನೆ ಹುಡುಕೋದು. ಮೊದಲ ತಿಂಗಳು ಮತ್ತೆ ಕೊನೇ ತಿಂಗಳ ಬಾಡಿಗೆ ಮುಂಚೇನೆ ಇಸ್ಕೋತಾರೆ, ಅದು ಮಾಮೂಲು. ನೀವು ಜೋಡಿ ಅಂತ ಮನೆ ಕೊಡಲ್ಲ ಅನ್ನೋ ಹಂಗಿಲ್ಲ, 1986ರಿಂದ್ಲೇ ಒಂಟಾರಿಯೊ ಹ್ಯೂಮನ್ ರೈಟ್ಸ್ ಕೋಡಲ್ಲಿದೆ. ಆದ್ರೆ ಅದರಲ್ಲೊಂದು ತೂತಿದೆ, ಓನರ್ ಜೊತೆ ಅಡುಗೆಮನೆನೋ ಬಾತ್‌ರೂಮೋ ಹಂಚ್ಕೊಂಡು ಇರೋ ರೂಮಾದ್ರೆ ಆ ರಕ್ಷಣೆ ಲೆಕ್ಕಕ್ಕಿಲ್ಲ. ನಮ್ಮ ಜನ ಮೊದ್ಲು ಹೋಗೋದೇ ಬ್ರಾಂಪ್ಟನ್ನಲ್ಲೋ ಸ್ಕಾರ್ಬರೋದಲ್ಲೋ ದೇಸಿ ಓನರ್ ಮನೆಯ ಅಂಥ ರೂಮಿಗೆ, ಸೋನಾ ಮಸೂರಿ ಹತ್ರ ಸಿಗುತ್ತೆ ಅಂತ. ನಾವೂ ಹೋಗಿದ್ವಿ. ಒಂದೇ ಮಂಚ ಯಾಕೆ ಅಂತ ಮೂರನೇ ವಾರ ಕೇಳಿದ್ರು, ಆ ತಿಂಗಳು ಮುಗಿಯೋದ್ರೊಳಗೆ ಸೂಟ್‌ಕೇಸ್ ಹೊರಗೆ. ಬೇಸ್‌ಮೆಂಟೇ ಆಗ್ಲಿ, ಸ್ವಂತ ಒಲೆ ಸ್ವಂತ ಬಾತ್‌ರೂಮ್ ಇರೋದು ನೋಡಿ, ನೂರಿನ್ನೂರು ಡಾಲರ್ ಜಾಸ್ತಿ ಆದ್ರೂ.

ಚರ್ಚ್ ಸ್ಟ್ರೀಟು ವೆಲ್ಲೆಸ್ಲಿ ಕೂಡೋ ಕಡೆ ಇರೋ ನಮ್ಮಂಥೋರ ಏರಿಯಾಗೆ, ಅಂದ್ರೆ ವಿಲೇಜ್‌ಗೆ ಎಲ್ರೂ ಹೋಗಿ ಫೋಟೋ ತೆಗಿಸ್ಕೋತಾರೆ, ನೀವೂ ಹೋಗಿ. ಜೂನ್ ಕೊನೇ ಭಾನುವಾರ ಪ್ರೈಡ್ ಮೆರವಣಿಗೆ ನೋಡಿದ್ರೆ ನಮ್ಮ ಜಂಬೂ ಸವಾರಿ ದಿನದ ಸಯ್ಯಾಜಿರಾವ್ ರೋಡ್ ನೆನಪಾಗುತ್ತೆ, ಅಷ್ಟು ಜನ, ಆನೆ ಒಂದಿಲ್ಲ. ಕೆಲಸಕ್ಕೆ ಬರೋದು ಅಂದ್ರೆ ಅದೇ ರಸ್ತೇಲಿರೋ 519, ಮನೆ ನಂಬರೇ ಅದರ ಹೆಸ್ರು, ಹೊಸಬರಿಗೆ, ಆಶ್ರಯ ಕೇಳ್ಕೊಂಡ್ ಬಂದೋರಿಗೆ ಸಹಾಯ ಮಾಡ್ತಾರೆ. ನಮ್ಮ ಕಡೆಯವರ ಮುಖ ನೋಡ್ಬೇಕು ಅಂದ್ರೆ ಅಲಯನ್ಸ್ ಫಾರ್ ಸೌತ್ ಏಷ್ಯನ್ ಏಡ್ಸ್ ಪ್ರಿವೆನ್ಷನ್, 1989ರಿಂದ ಇದೆ, ಹೆಸರು ನೋಡಿ ಹೆದರ್ಬೇಡಿ, ಹುಡುಗ್ರಂತೂ ಒಂದ್ಸಲ ಹೋಗ್ಬನ್ನಿ.

ಅಲ್ಲೆಲ್ಲ ಮೊದಲಿಂದ್ಲೂ ಹಿಂಗೇ ಇತ್ತು ಅಂದ್ಕೋಬೇಡಿ. 1981ರ ಫೆಬ್ರವರಿ 5ರ ರಾತ್ರಿ ಪೊಲೀಸ್ರು ಗಂಡಸ್ರನ್ನ ಇಷ್ಟಪಡೋ ಗಂಡಸ್ರು ಸೇರ್ತಿದ್ದ ಬಾತ್‌ಹೌಸ್‌ಗಳಿಗೆ ನುಗ್ಗಿ ಹತ್ತಿರ ಹತ್ತಿರ 300 ಜನರನ್ನ ಹಿಡ್ಕೊಂಡು ಹೋಗಿದ್ರು, ಪೊಲೀಸ್ ಮುಖ್ಯಸ್ಥರು ಅದಕ್ಕೆ ವಿಷಾದ ಹೇಳೋಕೆ 2016 ಆಯ್ತು. ಇನ್ನೊಂದು ಆ ಹುಡುಗ್ರಿಗೆ ಕೆರೆ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ. 2010ರಿಂದ 2017ರವರೆಗೆ ವಿಲೇಜಿಗೆ ಬರ್ತಿದ್ದ ಎಂಟು ಜನ ಗಂಡಸ್ರನ್ನ ಒಬ್ಬನೇ ಕೊಂದಿದ್ದ, ಹೆಚ್ಚಿನೋರು ದಕ್ಷಿಣ ಏಷ್ಯಾ, ಮಧ್ಯಪ್ರಾಚ್ಯದ ಕಡೆಯಿಂದ ಬಂದೋರು. ನಮ್ಮೋರು ಕಾಣೆ ಆಗ್ತಿದಾರೆ ಅಂತ ಅಲ್ಲಿನ ಜನ ವರ್ಷಗಟ್ಟಲೆ ಹೇಳ್ತಾನೇ ಇದ್ರು, ಅವನು ಸಿಕ್ಕಿಬಿದ್ದಿದ್ದು 2018ರ ಜನವರೀಲಿ. ಕೆಲವ್ರ ಮನೆಯವರಿಗೆ ಇವ್ರು ಅಲ್ಲಿಗೆ ಹೋಗ್ತಾರೆ ಅಂತಾನೇ ಗೊತ್ತಿರ್ಲಿಲ್ಲ. ಅದಕ್ಕೆ ಹೇಳ್ತೀನಿ, ಆ್ಯಪಲ್ಲಿ ಪರಿಚಯ ಆದೋರನ್ನ ನೋಡೋಕೆ ಹೋಗ್ವಾಗ ಎಲ್ಲಿಗೆ ಅಂತ ಒಬ್ಬರಿಗಾದ್ರೂ ಮೆಸೇಜ್ ಹಾಕಿ, ಯಾರೂ ಇಲ್ಲ ಅಂದ್ರೆ ನಂಗೇ ಹಾಕಿ.

ಇನ್ನು ನಮ್ಮ ಕನ್ನಡದೋರು. ಯುಗಾದಿ, ರಾಜ್ಯೋತ್ಸವ, ಪಾಟ್‌ಲಕ್, ಎಲ್ಲ ಕಡೆ ಎರಡನೇ ಪ್ರಶ್ನೆ ಮದ್ವೆ ಆಗಿದ್ಯಾ ಅಂತಾನೇ, ಮೊದಲ್ನೇದು ಯಾವ ಕಡೆಯೋರು ಅಂತ, ಅದರ ಹೊಟ್ಟೇಲಿ ಯಾವ ಜನ ಅನ್ನೋದು ಇರುತ್ತೆ ಬಿಡಿ. ನಾನು ಎರಡು ವರ್ಷ ಕನ್ನಡದ ಆಸರೇಲೇ ಬಚ್ಚಿಟ್ಕೊಂಡಿದ್ದೆ. ನಮ್ಮನೆಯವ್ರು ಬ್ಯಾಂಕಲ್ಲಿದಾರೆ, ನಮ್ಮನೆಯವ್ರಿಗೆ ಇವತ್ತು ಶಿಫ್ಟು, ಬರಕ್ಕಾಗ್ಲಿಲ್ಲ. ಎಲ್ಲೂ ಸುಳ್ಳಿಲ್ಲ ನೋಡಿ! ಅವ್ರು, ಇವ್ರು, ಬಂದ್ರು, ಹೋದ್ರು ಅಂತ ಮರ್ಯಾದೆ ಕೊಟ್ಟು ಮಾತಾಡಿದ್ರೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗಲ್ಲ. ಯಜಮಾನ್ರು ಅಂತ ಯಾರಾದ್ರೂ ಕೇಳಿದ್ರೆ ಮಾತ್ರ ಸಿಕ್ಕಾಕ್ಕೊಳ್ಳೋದು, ಆಗ ಬಜ್ಜಿ ತರೋಕೆ ಎದ್ದು ಹೋಗ್ತಿದ್ದೆ.

ಪಾಂಡವಪುರದ ಕಡೆ ಆಂಟಿ ಒಬ್ರು, ಮಿಸ್ಸಿಸಾಗಾದಲ್ಲಿದಾರೆ, ಒಂದ್ಸಲ ಗೌರಿ ಹಬ್ಬಕ್ಕೆ "ಈ ಸಲ ನಿಮ್ಮನೆಯವ್ರನ್ನ ಕರ್ಕೊಂಡೇ ಬರ್ಬೇಕು, ಇಲ್ದಿದ್ರೆ ನೀನೂ ಬರ್ಬೇಡ" ಅಂದ್ಬುಟ್ರು. ಹೋದ್ವಿ. ಬಾಗ್ಲು ತೆಗೆದು ನಮ್ಮಿಬ್ಬರ ಹಿಂದೆ ಇಣುಕಿ "ಎಲ್ಲಮ್ಮ ನಿಮ್ಮನೆಯವ್ರು, ಕಾರ್ ನಿಲ್ಲಿಸ್ತವ್ರಾ?" ಅಂದ್ರು. ಇವ್ರೇ ಆಂಟಿ ಅಂದೆ. ಒಳಗೆ ಕುಕ್ಕರ್ ಒಂದು ಕೂಗು ಕೂಗ್ತು, ಎರಡು ಕೂಗ್ತು. "ಒಳಗ್ ಬನ್ನಿ, ಬಾಗ್ಲು ತೆಕ್ಕೊಂಡ್ ನಿಂತ್ರೆ ಏಸಿ ಎಲ್ಲ ಹೋಯ್ತದೆ" ಅಂದ್ರು. ಊಟ ಬಡಿಸಿದ್ರು, ಒಬ್ಬಟ್ಟಿಗೆ ತುಪ್ಪ ಎರಡು ಸಲ ಹಾಕಿದ್ರು, ಆದ್ರೆ ಬಾಗಿನ ಕೊಡೋ ಹೊತ್ತಿಗೆ ನಮ್ಮಿಬ್ರಿಗೆ ಬರೀ ಎಲೆ ಅಡಿಕೆ ಕೊಟ್ರು, ಮುತ್ತೈದೆಯರಿಗೆಲ್ಲ ಬಾಗಿನ. ಕಾರಲ್ಲಿ ಬರ್ವಾಗ ಇಬ್ರೂ ಮಾತಾಡ್ಲಿಲ್ಲ. ಅಲ್ಲಿದ್ದ ಇನ್ನೆರಡು ಮನೆಯವ್ರು ಆಮೇಲೆ ನಮ್ಮನ್ನ ಕರೆಯೋದೇ ಬಿಟ್ರು, ಅಂಕಲ್ ಇವತ್ತಿಗೂ ನಮ್ಮನ್ನ ಕಂಡ್ರೆ ಫೋನ್ ನೋಡ್ತಾ ಕೂರ್ತಾರೆ.

ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಆಂಟಿ ಫೋನ್ ಮಾಡಿದ್ರು. "ನಿಮ್ಮಿಬ್ರಿಗೂ ಒಂದೊಂದು ಕಟ್ಟಿಟ್ಟಿದೀನಿ ಕಣಮ್ಮ, ಯಾರ್ ಯಾರಿಗೆ ಕೊಡ್ಬೇಕೋ ನಂಗೊತ್ತಿಲ್ಲ, ಬಂದು ನೀವೇ ನೋಡ್ಕಳಿ. ಮೊರ ಸಿಗ್ನಿಲ್ಲ, ಫಾಯಿಲ್ ಟ್ರೇಲಿ ಕಟ್ಟಿದೀನಿ, ಬೇಜಾರ್ ಮಾಡ್ಕಬೇಡಿ."

ಈ ಸಲ ಬರ್ವಾಗ ಮೈಸೂರಿಂದ ಮೊರ ತಗೊಂಡ್ ಬಾ ಅಂದಿದಾರೆ, ಚಿಕ್ಕವು, ನಾಲ್ಕು ಜೊತೆ. ನಿನ್ನೆ ತಗೊಂಡೆ, ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಎಷ್ಟು ತುರುಕಿದ್ರೂ ಮೂರು ಜೊತೆ ಮಾತ್ರ ಹಿಡಿಸ್ತು. ಇನ್ನೊಂದು ಜೊತೆ ಆ ಹುಡುಗ್ರು ತರ್ತೀವಿ ಅಂದಿದಾರೆ, ಏರ್‌ಪೋರ್ಟಲ್ಲಿ ಬಿದಿರಿಂದು ಅಂತ ಡಿಕ್ಲೇರ್ ಮಾಡ್ರಪ್ಪ ಅಂತ ಹೇಳಿದೀನಿ.