ಅಡ್ಡಿಯ ತೀರ್ಪು ನನಗೆ ಕೈಹತ್ತಿದ್ದು ಹೀಗೆ

ಸಾಫ್ಟ್‌ಬಾಲ್‌ನಲ್ಲಿ ಅಬ್‌ಸ್ಟ್ರಕ್ಷನ್, ಎಂದರೆ ಚೆಂಡಿಲ್ಲದ ಫೀಲ್ಡರ್ ರನ್ನರ್‌ನ ದಾರಿಗೆ ಅಡ್ಡ ನಿಲ್ಲುವುದು, ಕಂಡ ಕೂಡಲೇ ಕೂಗಿ ಆಟ ನಿಲ್ಲಿಸುವುದನ್ನು ನಾನು ಬಿಟ್ಟಾಗ ಜೊತೆಯ ಅಂಪೈರ್‌ಗಳು ಒಪ್ಪಲಿಲ್ಲ. ‘ಸುಮ್ಮನಿದ್ದರೆ ಕೋಚ್‌ಗಳು ಮೈಮೇಲೆ ಬೀಳುತ್ತಾರೆ ಸಾರ್’ ಎಂದರು. ಎರಡು ಸೀಸನ್, ಸುಮಾರು ನಲವತ್ತು ಪಂದ್ಯ ಕಳೆದಿವೆ. ಅಡ್ಡಿಯ ವಿಚಾರದಲ್ಲಿ ನನ್ನ ಒಂದು ತೀರ್ಪೂ ಬಿದ್ದಿಲ್ಲ.

ಅದಕ್ಕೆ ಮುಂಚೆ ಚೆನ್ನಾಗಿಯೇ ಎಡವಿದ್ದೇನೆ. ಮಹಿಳೆಯರ ಅಂತರಕಾಲೇಜು ಪಂದ್ಯ. ರನ್ನರ್ ಎರಡನೇ ಬೇಸ್ ಸುತ್ತಿ ಹೊರಟಾಗ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಚೆಂಡಿಲ್ಲದೆ ದಾರಿಯಲ್ಲೇ ನಿಂತಿದ್ದಳು. ನಾನು ಎರಡೂ ಕೈಯೆತ್ತಿ ಡೆಡ್ ಬಾಲ್ ಎಂದು ಕೂಗಿ ಆಟ ನಿಲ್ಲಿಸಿಬಿಟ್ಟೆ. ಚೆಂಡು ಇನ್ನೂ ರೈಟ್ ಫೀಲ್ಡ್‌ನ ಮೂಲೆಯಲ್ಲಿ ಉರುಳುತ್ತಿತ್ತು. ಹೋಂ (ರನ್ ಸಿಗುವ ಕೊನೆಯ ಬೇಸ್) ಮುಟ್ಟಬಹುದಾಗಿದ್ದ ಹುಡುಗಿಗೆ ಮೂರನೇ ಬೇಸ್ ಮಾತ್ರ ಸಿಕ್ಕಿತು. ಅವಳ ತಂಡ ಒಂದು ರನ್ನಿನಿಂದ ಸೋತಿತು. ಸಂಘಟಕರು ನನ್ನ ಭತ್ಯೆ, ಆರುನೂರು ರೂಪಾಯಿಯೋ ಏನೋ, ಕೊಡಲೇ ಇಲ್ಲ. ಬಸ್ ಖರ್ಚೂ ಮೈಮೇಲೆ ಬಂತು. ಆ ಹುಡುಗಿಯ ಮುಖ ಇಂದಿಗೂ ಕಣ್ಣ ಮುಂದಿದೆ.

ಮುಂದಿನ ಪಂದ್ಯಗಳಲ್ಲಿ ಅಡ್ಡಿ ಕಂಡಾಗ ಎಡಗೈ ಚಾಚಿ ಆಟವನ್ನು ಮುಂದುವರಿಯಲು ಬಿಟ್ಟೆ, ಆದರೆ ಅಡ್ಡಿಯಿಲ್ಲದಿದ್ದರೆ ರನ್ನರ್ ಯಾವ ಬೇಸ್ ಮುಟ್ಟುತ್ತಿದ್ದಳು ಎಂಬುದನ್ನು ಆಟ ನಿಂತ ಮೇಲೆ ಯೋಚಿಸಿದೆ. ಅಷ್ಟರಲ್ಲಿ ಇಬ್ಬರು ಕೋಚ್‌ಗಳು ಎರಡು ಕಿವಿಗೆ ಬಂದಿರುತ್ತಿದ್ದರು.

ಈಗ ಕೈ ಚಾಚುವಾಗಲೇ ಬೇಸ್ ಗೊತ್ತುಮಾಡಿ ‘ಮೂರು’ ಎಂದು ಪಿಸುಗುಟ್ಟುತ್ತೇನೆ. ರನ್ನರ್ ಅಲ್ಲಿಗೆ ಮುಟ್ಟುವ ಮೊದಲು ಔಟಾದರೆ ಡೆಡ್ ಬಾಲ್, ಅವಳಿಗೆ ಮೂರನೇ ಬೇಸ್. ಅಡ್ಡಿಯಾದ ಎರಡು ಬೇಸ್‌ಗಳ ನಡುವೆ ಹಿಂದಕ್ಕೆ ಓಡಿದರೂ ಅವಳಿಗೆ ರಕ್ಷಣೆ ಉಂಟು; ಅವಳೇ ಇಂಟರ್‌ಫಿಯರೆನ್ಸ್ ಮಾಡಿದರೆ, ಎಂದರೆ ಫೀಲ್ಡರ್‌ಗೆ ಅಡ್ಡಿಪಡಿಸಿದರೆ, ಇಲ್ಲ. ಮೂರನ್ನು ದಾಟಿ ಹೋಂ ಕಡೆ ನುಗ್ಗಿ ಸಿಕ್ಕಿಬಿದ್ದರೆ ಔಟ್.

ಇದರ ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ನಮ್ಮ ಮೈದಾನದ ಹುಡುಗಿಯರನ್ನು ನಾಲ್ಕು ಬೆಳಗ್ಗೆ ಅರವತ್ತು ಅಡಿಯ ಬೇಸ್‌ಗಳ ನಡುವೆ ಓಡಿಸಿದೆ, ದಾರಿಯಲ್ಲಿ ಒಬ್ಬಳನ್ನು ನಿಲ್ಲಿಸಿ, ನಿಲ್ಲಿಸದೆ. ಸುತ್ತಿ ಹೋಗುವುದಕ್ಕೆ ಅರ್ಧ ಸೆಕೆಂಡಿನಷ್ಟು ನಷ್ಟ, ಎಂದರೆ ಸುಮಾರು ಎರಡು ಹೆಜ್ಜೆ. ಟ್ರೈಪಾಡ್, ಇಡ್ಲಿ ಎಲ್ಲ ಸೇರಿ ಸಾವಿರದ ಇನ್ನೂರು ಹೋಗಿರಬೇಕು. ಆ ಎರಡು ಹೆಜ್ಜೆಯ ಲೆಕ್ಕವೇ ಇಂದು ನನ್ನ ಅಳತೆಗೋಲು. ಫೀಲ್ಡರ್ ಚೆಂಡಿಲ್ಲದೆ ಟ್ಯಾಗ್ ಮಾಡುವಂತೆ (ಚೆಂಡು ಹಿಡಿದು ಮುಟ್ಟಿ ಔಟ್ ಮಾಡುವಂತೆ) ನಟಿಸಿದಾಗಲೂ ರನ್ನರ್ ಅಷ್ಟೇ ಕಳೆದುಕೊಳ್ಳುತ್ತಾಳೆ. ಅದನ್ನು ನಾನು ಒಮ್ಮೆಯೂ ಬಿಡುವುದಿಲ್ಲ.

ಹೋಂ ಪ್ಲೇಟ್‌ನಲ್ಲಿ ‘ಚೆಂಡು ಬರುತ್ತಿತ್ತು’ ಎಂಬ, ದಾರಿಗೆ ಅಡ್ಡ ನಿಂತ ಕ್ಯಾಚರ್‌ಗಳ ವಾದ ನಡೆಯದು, ಚೆಂಡು ಕೈಯಲ್ಲಿರಬೇಕು. ಅದು ಕಾಣುವಂತೆ ನಾನೆಲ್ಲಿ ನಿಲ್ಲುತ್ತೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಳೆದ ಫೈನಲ್‌ನಲ್ಲಿ ಒಬ್ಬ ಕೋಚ್ ನನ್ನ ತೀರ್ಪಿನ ವಿರುದ್ಧ ದೂರು ಕೊಡಲು ಕಟ್ಟುವ ಪ್ರೊಟೆಸ್ಟ್ ಹಣ ಹಿಡಿದು ಬಂದರು. ‘ಥ್ರೋ ಬರುವ ಮೊದಲೇ ಇವರು ಮೂರು ಎಂದಿದ್ದು ನನಗೆ ಕೇಳಿಸಿತು’ ಎಂದು ಪಕ್ಕದ ಅಂಪೈರ್ ಹೇಳಿದರು. ಮೊದಲು ನನ್ನನ್ನು ಅನುಮಾನಿಸಿದವರು ಅವರೇ. ಕೋಚ್ ಹಣವನ್ನು ಜೇಬಿಗಿಟ್ಟುಕೊಂಡು ಹಿಂದಿರುಗಿದರು.