ಸ್ಪ್ಯಾನಿಷ್‌ನಲ್ಲಿ ಮನೆ ಹೆಣ್ಣು, ಪುಸ್ತಕ ಗಂಡು: ಗುಣವಾಚಕ ಹೊಂದಿಸುವುದು ಹೇಗೆ?

ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆಗಳು. ಕನ್ನಡದ 'ಒಳ್ಳೆಯ' ಎಲ್ಲೂ ಬದಲಾಗಲಿಲ್ಲ, ಅಲ್ವಾ? ಸ್ಪ್ಯಾನಿಷ್‌ನಲ್ಲಿ ಹಾಗಿಲ್ಲ. ಹಿಂದಿ ಗೊತ್ತಿದ್ದವರು 'ಅಚ್ಛಾ ಲಡ್ಕಾ, ಅಚ್ಛೀ ಲಡ್ಕೀ' ನೆನಪು ಮಾಡಿಕೊಳ್ಳಿ. ದಾರಿ ಅದೇ.

ಮೊದಲು ನಾಮಪದದ ಲಿಂಗ ತಿಳಿಯಬೇಕು. ಅಲ್ಲಿ ವಸ್ತುಗಳೂ ಗಂಡು ಇಲ್ಲವೇ ಹೆಣ್ಣು. ಹಾಗಾಗಿ ಮನೆಗೆ ಸುಮ್ನೆ 'ಕಾಸಾ' ಎಂದು ಕಲಿಯಬೇಡಿ, 'ಲಾ ಕಾಸಾ' ಎಂದೇ ಕಲಿಯಿರಿ. ಪುಸ್ತಕ 'ಎಲ್ ಲಿಬ್ರೊ'. 'ಲಾ' ಹೆಣ್ಣಿಗೆ, 'ಎಲ್' ಗಂಡಿಗೆ.

ಈಗ ಗುಣವಾಚಕದ ಕೊನೆ ನೋಡಿ. ಕೆಂಪಿಗೆ 'ರೊಹೊ'. 'ಒ' ಕೊನೆಯಿದ್ದರೆ ಹೆಣ್ಣಿಗೆ 'ಆ' ಆಗುತ್ತದೆ: ಎಲ್ ಲಿಬ್ರೊ ರೊಹೊ, ಲಾ ಕಾಸಾ ರೊಹಾ. ಬಹುವಚನಕ್ಕೆ 'ಸ್' ಸೇರಿಸಿ: ಲೊಸ್ ಲಿಬ್ರೊಸ್ ರೊಹೊಸ್, ಲಾಸ್ ಕಾಸಾಸ್ ರೊಹಾಸ್. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ, ಕನ್ನಡಕ್ಕೆ ಉಲ್ಟಾ.

'ಎ' ಕೊನೆಯಿದ್ದರೆ ಲಿಂಗದ ಚಿಂತೆಯಿಲ್ಲ. 'ಗ್ರಾಂದೆ' ಎಂದರೆ ದೊಡ್ಡದು. ಪುಸ್ತಕಕ್ಕೂ ಮನೆಗೂ ಅದೇ. ವ್ಯಂಜನ ಕೊನೆಯಿದ್ದರೂ ಹೆಚ್ಚಾಗಿ ಹೀಗೇ: ನೀಲಿ 'ಅಸುಲ್', ಬಹುವಚನ 'ಅಸುಲೆಸ್'. ಆದರೆ 'ಸ್ಪೇನಿನ' ಎನ್ನುವ 'ಎಸ್ಪಾನ್ಯೋಲ್' ಹೆಣ್ಣಿಗೆ 'ಎಸ್ಪಾನ್ಯೋಲಾ' ಆಗುತ್ತದೆ.

ಜಾಸ್ತಿ ಜನ ಎಡವುವುದು ನಾಮಪದದ ಕೊನೆಯಕ್ಷರ ನಂಬಿ. 'ಪ್ರೊಬ್ಲೆಮಾ' ಗ್ರೀಕ್ ಮೂಲದ ಪದ, 'ಆ' ಕೊನೆಯಿದ್ದರೂ ಗಂಡು: ಎಲ್ ಪ್ರೊಬ್ಲೆಮಾ ಸೆರಿಯೊ, ಗಂಭೀರ ಸಮಸ್ಯೆ. ಕೈ ಎನ್ನುವ 'ಮಾನೊ' ಹೆಣ್ಣು: ಲಾ ಮಾನೊ ಫ್ರಿಯಾ, ತಣ್ಣನೆಯ ಕೈ. ನೀರಿನ 'ಅಗ್ವಾ' ಇನ್ನೂ ವಿಚಿತ್ರ. ಅದು ಹೆಣ್ಣೇ. ಆದರೆ ಒತ್ತಿ ಹೇಳುವ 'ಅ'ದಿಂದ ಶುರುವಾಗುವುದರಿಂದ 'ಲಾ ಅಗ್ವಾ' ನಾಲಿಗೆಗೆ ಒಗ್ಗುವುದಿಲ್ಲ, 'ಎಲ್ ಅಗ್ವಾ' ಎನ್ನುತ್ತಾರೆ. ಗುಣವಾಚಕ ಮಾತ್ರ ಮೋಸ ಹೋಗುವುದಿಲ್ಲ: ಎಲ್ ಅಗ್ವಾ ಫ್ರಿಯಾ. ಇಂಥ ಪದಗಳನ್ನು ಗುಣವಾಚಕದ ಜೊತೆಯಲ್ಲೇ ಬಾಯಿಪಾಠ ಮಾಡುವುದು ಒಳ್ಳೆಯದು.

ಗಂಡು ಹೆಣ್ಣು ಬೆರೆತ ಗುಂಪಿಗೆ ಗಂಡಿನ ಬಹುವಚನ. ಹತ್ತು ಹುಡುಗಿಯರ ಜೊತೆ ಒಬ್ಬ ಹುಡುಗ ಇದ್ದರೂ ಅಷ್ಟೇ.

ನಿಮ್ಮ ಬಗ್ಗೆ ಹೇಳುವಾಗಲೂ ಇದನ್ನು ಮರೆಯಬೇಡಿ. 'ನನಗೆ ಸುಸ್ತಾಗಿದೆ' ಎಂದು ಯಾರು ಹೇಳಿದರೂ ಕನ್ನಡದಲ್ಲಿ ಒಂದೇ. ಸ್ಪ್ಯಾನಿಷ್‌ನಲ್ಲಿ ಅಣ್ಣ 'ಎಸ್ತೊಯ್ ಕನ್ಸಾದೊ' ಎನ್ನಬೇಕು, ತಂಗಿ 'ಎಸ್ತೊಯ್ ಕನ್ಸಾದಾ' ಎನ್ನಬೇಕು.