ಕರೆಂಟು ಬಂತು, ನೆಟ್ ಬರಲಿಲ್ಲ

ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಾಕು. ನನಗೆ ತಲೆನೋವು ಶುರುವಾಗುವುದು ಕರೆಂಟು ವಾಪಸ್ ಬಂದ ಮೇಲೆ. ಫೋನಿನಲ್ಲಿ ವೈಫೈ ಗುರುತು ಪೂರ್ತಿ ಇರುತ್ತದೆ, ನೆಟ್ ಮಾತ್ರ ಇಲ್ಲ.

ಮನೆ ಹಳೇದು, ಚಿರೇಕಲ್ಲಿನ ದಪ್ಪ ಗೋಡೆ. ಒಂದೇ ರೌಟರ್‌ಗೆ ಆಗುವ ಕೆಲಸವಲ್ಲ. ಹಾಗಾಗಿ ಮೆಶ್ ಹಾಕಿಸಿದ್ದೇನೆ, ಅಂದರೆ ಒಂದಕ್ಕೊಂದು ವೈಫೈಯಲ್ಲೇ ಜೋಡಿಯಾಗಿ ಮನೆ ತುಂಬ ನೆಟ್ ಹಂಚುವ ಮೂರು ಡಬ್ಬಿ. ಫೈಬರ್ ಮೋಡೆಮ್, ಮುಖ್ಯ ಡಬ್ಬಿ ಎರಡೂ ಜಗಲಿಯಲ್ಲಿ. ಎರಡನೇ ಡಬ್ಬಿ ನಡುಮನೆಯಲ್ಲಿ, ಮೂರನೆಯದು ನಾನು ಕೆಲಸ ಮಾಡುವ ಮಾಳಿಗೆಯಲ್ಲಿ.

ಈ ಸಲದ ಗಾಳಿಮಳೆಗೆ ರಾತ್ರಿಯಿಡೀ ಕರೆಂಟಿಲ್ಲ. ಬೆಳಿಗ್ಗೆ ಬಂತು, ಹೋಯ್ತು, ಮತ್ತೆ ಬಂತು. ನಾನು ಎಲ್ಲ ಸ್ವಿಚ್ ಆಫ್ ಮಾಡಿ ಕೂತೆ. “ತಮಾ, ನೆಟ್ ಬಂತಾ?” ಅಂತ ಅಮ್ಮ ಒಳಗಿಂದ ಕೇಳುತ್ತಲೇ ಇದ್ದಳು. ವೋಲ್ಟೇಜ್ ಹದಕ್ಕೆ ಬರುವ ತನಕ ನಾನು ಮುಟ್ಟುವುದಿಲ್ಲ.

ಆಮೇಲೆ ಮೋಡೆಮ್ ಒಂದನ್ನೇ ಹಾಕಿದೆ. ಫೈಬರ್ ಸಂಪರ್ಕ ತೋರಿಸುವ ಅದರ ‘ಪಾನ್’ ದೀಪ ಮಿನುಗುವುದು ನಿಂತು ಒಂದೇ ಸಮ ಉರಿಯಬೇಕು. ‘ಲಾಸ್’ ದೀಪ ಕೆಂಪಗಿದ್ದರೆ ಡಬ್ಬಿಗಳನ್ನು ಆಫ್ ಮಾಡಿ ಆನ್ ಮಾಡಿ ಉಪಯೋಗವಿಲ್ಲ, ಫೈಬರ್ ತಂತಿಯಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಪಾನ್ ಒಂದೇ ಸಮ ಉರಿದ ಮೇಲೆ ಮುಖ್ಯ ಡಬ್ಬಿ. ಮೋಡೆಮ್‌ಗಿಂತ ಮೊದಲೇ ಅದು ಎದ್ದರೆ ಕೆಲವೊಮ್ಮೆ ಐಪಿ ವಿಳಾಸ (ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ) ಸಿಗದೆ ಸುಮ್ನೆ ಕೂತುಬಿಡುತ್ತದೆ. ವೈಫೈಯ ವೇಗದ ಬ್ಯಾಂಡ್ ಆದ ಐದು ಗಿಗಾಹರ್ಟ್ಸ್‌ನಲ್ಲಿ ರೇಡಾರ್‌ಗಳೂ ಬಳಸುವ ಚಾನೆಲ್‌ಗಳಿವೆ. ಅವುಗಳಲ್ಲಿ ಡಬ್ಬಿ ಸಾಮಾನ್ಯವಾಗಿ ಒಂದು ನಿಮಿಷ ರೇಡಾರ್ ಇದೆಯಾ ಅಂತ ನೋಡಿಕೊಂಡೇ ಸಿಗ್ನಲ್ ಬಿಡುವುದು. ನಾನು 36ನೇ ಚಾನೆಲ್‌ಗೆ ಹಾಕಿಟ್ಟಿದ್ದೇನೆ, ಅಲ್ಲಿ ಈ ಕಾಯುವ ಗೋಜಿಲ್ಲ.

ಜಗಲಿಯಲ್ಲಿ ನೆಟ್ ಬಂತು. ಉಳಿದೆರಡನ್ನೂ ಹಾಕಿದೆ, ಎರಡರಲ್ಲೂ ಹಸಿರು ದೀಪ. ಆದರೆ ಮಾಳಿಗೆಯಲ್ಲಿ ಒಂದು ವಿಡಿಯೋ ಕಾಲ್ ಕೂಡ ನಿಲ್ಲುತ್ತಿಲ್ಲ! ಆ್ಯಪ್ ತೆಗೆದು ಯಾವುದು ಯಾವುದಕ್ಕೆ ಜೋಡಿಯಾಗಿದೆ ಅಂತ ನೋಡಿದಾಗ ವಿಷಯ ಗೊತ್ತಾಯಿತು. ಮಾಳಿಗೆಯದು ನಡುಮನೆಯದನ್ನು ಬಿಟ್ಟು ನೇರ ಜಗಲಿಗೆ ಅಂಟಿಕೊಂಡಿತ್ತು. ನಡುಮನೆಯದು ಏಳುವುದು ಸ್ವಲ್ಪ ತಡವಾಗಿರಬೇಕು. ಇದು ಮೊದಲು ಕಂಡವರ ಕೈ ಹಿಡಿದಿದೆ, ಆಮೇಲೆ ಬಿಟ್ಟಿಲ್ಲ. ನಡುವೆ ಎರಡು ಚಿರೇಕಲ್ಲಿನ ಗೋಡೆ. ಹಸಿರು ದೀಪ ಅಂದರೆ ಜೋಡಿಯಾಗಿದೆ ಅಂತ ಅಷ್ಟೇ, ಚೆನ್ನಾಗಿ ಜೋಡಿಯಾಗಿದೆ ಅಂತಲ್ಲ. ಮಾಳಿಗೆಯದನ್ನು ಮಾತ್ರ ಆಫ್ ಮಾಡಿ ಹಾಕಿದೆ. ಈ ಸಲ ನಡುಮನೆಯ ಮೂಲಕ ಬಂತು, ವೇಗವೂ ಬಂತು.

ಪಿನ್ ಚುಚ್ಚಿ ರಿಸೆಟ್ ಮಾಡುವ ಚಟ ಕೆಲವರಿಗಿದೆ ಅಲ್ವಾ? ಮೋಡೆಮ್‌ಗಂತೂ ಬೇಡವೇ ಬೇಡ. ಅದರೊಳಗಿನ ಯೂಸರ್ ನೇಮ್, ಪಾಸ್‌ವರ್ಡ್ ಅಳಿಸಿಹೋದರೆ ಆಮೇಲೆ ನೆಟ್ ಕಂಪನಿಯವರ ಹಿಂದೆ ಅಲೆಯಬೇಕು.

ಈಗ ಮೋಡೆಮ್‌ಗೂ ಮುಖ್ಯ ಡಬ್ಬಿಗೂ ಮಿನಿ ಯುಪಿಎಸ್ (ಕರೆಂಟು ಹೋದಾಗ ನಡೆಸುವ ಸಣ್ಣ ಬ್ಯಾಟರಿ) ತಂದಿದ್ದೇನೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಚೀಟಿ ಓದಿ. ನಮ್ಮವೆರಡೂ 12 ವೋಲ್ಟ್‌ನವು, ಎಲ್ಲವೂ ಹಾಗಿರುವುದಿಲ್ಲ. ಯುಪಿಎಸ್ ಕೊಡುವ ಆಂಪಿಯರ್ ಕಡಿಮೆಯಾದರೆ ಡಬ್ಬಿ ಪದೇ ಪದೇ ಆಫ್ ಆಗಿ ಆನ್ ಆಗುತ್ತದೆ. ಮಾಳಿಗೆಯದಕ್ಕೆ ತಂದಿಲ್ಲ. ಕರೆಂಟಿಲ್ಲದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ನಾನೇ ಜಗಲಿಗೆ ಬರುತ್ತೇನೆ.